ಸಿಡುಕಿನ ಮಂದಿಯ ನಡುವೆ ನಮ್ಮವ್ವ

ಹೂವಿನಹಡಗಲಿ ತಾಲ್ಲೂಕಿನ ಇಟ್ಟಿಗಿ ನಮ್ಮ ಹುಟ್ಟೂರಲ್ಲ, ಬೆಳೆದೂರು. 1980ರ ದಶಕದ ಆರಂಭದಲ್ಲಿ ನಮ್ಮವ್ವ ಸರ್ಕಾರಿ ದವಾಖಾನೆಯ ನರ್ಸಾಗಿ ಅಲ್ಲಿಗೆ ವರ್ಗವಾಗಿ ಬಂದಳು. ಆಗ ಅದು ಬಳ್ಳಾರಿ ಜಿಲ್ಲೆ. 2021ರಿಂದ ವಿಜಯನಗರ ಜಿಲ್ಲೆ. ಅವ್ವನ ತವರು ಬೆಟಗೇರಿ. 1841ರಿಂದ ಬಾಸೆಲ್ ಮಿಷನ್ನಿನವರು ನೆಲೆ ನಿಂತ ಊರದು. ಜನ ಇವತ್ತಿಗೂ ‘ಜರ್ಮನ್ ದವಾಖಾನಿ’ ಎಂದೇ ಕರೆಯುವ ಆಸ್ಪತ್ರೆಯ ಓಣಿಯಲ್ಲಿ ಅವ್ವ ಬೆಳೆದವಳು. ರಜೆ ಬಂದರೆ ಹಡಗಲಿಗೆ ಹೋಗಿ ಕೆಂಪು ಬಸ್ಸು ಹಿಡಿದು, ಮದಲಗಟ್ಟಿಯ ಹತ್ತಿರ ತುಂಗಭದ್ರೆ ದಾಟಿ, ಮುಂಡರಗಿ ಮೇಲೆ ಗದಗ ಸೇರುತ್ತಿದ್ದೆವು. ಅಪ್ಪ ಹಿರೇಹಡಗಲಿ ಕಡೆಯ ಶಾಲೆಯೊಂದರಲ್ಲಿ ಮಾಸ್ತರ. ಸೈಕಲ್ಲಿನಲ್ಲಿ ಹೋಗಿ ಬರುವವನು, ಮಾತು ಕಡಿಮೆ.

ನಮ್ಮ ಸುತ್ತಿನ ಸೀಮೆ ಎಂಥದೆಂದು ಗೊತ್ತಿದ್ದವರಿಗೆ ಗೊತ್ತು. ಒಂದು ಕಡೆ ಮೈಲಾರಲಿಂಗ, ಇನ್ನೊಂದು ಕಡೆ ಕೊಟ್ಟೂರ ಬಸವೇಶ್ವರ, ಆಚೆ ಉಜ್ಜಿನಿಯ ಪೀಠ, ಹರಪನಹಳ್ಳಿ ಕಡೆಗೆ ಹೋದರೆ ಉಚ್ಚಂಗಿದುರ್ಗದ ಎಲ್ಲಮ್ಮ. ಭಾರತ ಹುಣ್ಣಿಮೆಯ ಮೈಲಾರ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲೇರಿ ನುಡಿಯುವ ಕಾರಣಿಕ ಕೇಳಿ ಆ ವರ್ಷದ ಮಳೆ ಬೆಳೆಯ ಲೆಕ್ಕ ಹಾಕುವ ಜನ. ಅಂಥ ಕಡೆ ದವಾಖಾನೆಯ ಕ್ವಾರ್ಟರ್ಸಿನಲ್ಲಿ ನಮ್ಮದೊಂದೇ ಕ್ರೈಸ್ತರ ಮನೆ. ಗೋಡೆಯ ಮೇಲೆ ಶಿಲುಬೆ ಇತ್ತು. ಅದರ ಪಕ್ಕದಲ್ಲೇ ಊರಿನ ಕಿರಾಣಿ ಅಂಗಡಿಯವರು ಕೊಟ್ಟ ಲಕ್ಷ್ಮಿಯ ಕ್ಯಾಲೆಂಡರೂ ಇತ್ತು. ತಿಥಿ, ಸಂತೆ ನೋಡಲು ಅದೇ ಬೇಕಾಗುತ್ತಿತ್ತು.

ಅವ್ವನ ಕೆಲಸ ಜನರಿಗೆ ಬೇಕಾದದ್ದು, ಬೇಡವಾದದ್ದು ಎರಡನ್ನೂ ಮಾಡಿಸುವ ಕೆಲಸ. ಹೆರಿಗೆಗೆ ಕರೆಯುತ್ತಿದ್ದರು; ಮಗುವಿಗೆ ಸೂಜಿ ಹಾಕುತ್ತೇನೆಂದರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಸಂತಾನಹರಣದ ಶಿಬಿರಕ್ಕೆ ಇಷ್ಟು ‘ಕೇಸು’ ತರಬೇಕೆಂದು ಮೇಲಿನವರು ಗುರಿ ಕೊಡುತ್ತಿದ್ದ ಕಾಲ. ಗುರಿ ಮುಟ್ಟದಿದ್ದರೆ ಮೀಟಿಂಗಿನಲ್ಲಿ ಬೈಗುಳ, ಮುಟ್ಟಿಸಲು ಹೋದರೆ ಓಣಿಯಲ್ಲಿ ಬೈಗುಳ. ಹೀಗಾಗಿ ಸಿಡುಕಿನ ಮನುಷ್ಯರು ನಮಗೆ ಹಬ್ಬಕ್ಕೊಮ್ಮೆ ಬರುವ ನೆಂಟರಾಗಿರಲಿಲ್ಲ. ದಿನಾ ಬೆಳಗಾದರೆ ಎದುರಾಗುವವರು. ಶತ್ರುವನ್ನು ಪ್ರೀತಿಸು ಎಂದು ಯೇಸುಸ್ವಾಮಿ ಹೇಳಿದ್ದನ್ನು ಸಂಡೇ ಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದೆ. ಅದನ್ನು ನರ್ಸಿನ ಕೆಲಸದ ನಡುವೆ ಹೇಗೆ ಮಾಡುತ್ತಾರೆ ಎಂಬುದನ್ನು ನೋಡಿದ್ದು ಇಟ್ಟಿಗಿಯಲ್ಲಿ.

ಇವತ್ತಿನ ಹುಡುಗರಿಗೆ ನಾರುಹುಣ್ಣು ಎಂದರೆ ಏನೆಂದೇ ಗೊತ್ತಿಲ್ಲ. ನಮ್ಮ ಕಾಲದಲ್ಲಿ ಬಳ್ಳಾರಿ, ರಾಯಚೂರು, ಕಲಬುರಗಿ, ವಿಜಯಪುರ, ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಬೇಸಿಗೆ ಬಂತೆಂದರೆ ಅದರ ಕಾಟ. ಮೆಟ್ಟಿಲಿಳಿದು ನೀರು ತುಂಬುವ ಬಾವಿಗಳೇ ಅದಕ್ಕೆ ಮೂಲ. ಹುಣ್ಣಿದ್ದವನು ಮೊಣಕಾಲುಮಟ ನೀರಿಗಿಳಿದರೆ ಹುಳ ನೀರಿನಲ್ಲಿ ಮರಿ ಬಿಡುತ್ತದೆ. ಕಣ್ಣಿಗೆ ಕಂಡೂ ಕಾಣದ ಸೈಕ್ಲಾಪ್ಸ್ ಎಂಬ ನೀರಿನ ಜೀವಿ ಆ ಮರಿಗಳನ್ನು ನುಂಗುತ್ತದೆ. ಆ ನೀರು ಕುಡಿದವರ ಮೈಯಲ್ಲಿ ಹುಳ ಸುಮಾರು ಒಂದು ವರ್ಷ ಬೆಳೆದು, ಎರಡು ಮೂರು ಅಡಿ ಉದ್ದವಾಗಿ, ಕಾಲಿನಲ್ಲಿ ಬೊಕ್ಕೆ ಎಬ್ಬಿಸಿ ಹೊರಗೆ ತಲೆ ಹಾಕುತ್ತದೆ. ಅದಕ್ಕೆ ಗುಳಿಗೆ ಇಲ್ಲ, ಸೂಜಿ ಇಲ್ಲ. ಸಣ್ಣ ಕಡ್ಡಿಗೆ ಸುತ್ತಿ ದಿನಕ್ಕಿಷ್ಟಿಷ್ಟೇ ಎಳೆಯಬೇಕು. ಅವಸರ ಮಾಡಿ ಹುಳ ಹರಿದರೆ ಕಾಲು ಬಾತು ಕೀವು ತುಂಬುತ್ತದೆ. ಹುಳ ಹೊರಬೀಳುವುದು ಬಿತ್ತನೆಗೆ ಹೊಲ ಹಸನು ಮಾಡುವ ಹೊತ್ತಿಗೇ. ರೈತ ಹಾಸಿಗೆ ಹಿಡಿದರೆ ಆ ವರ್ಷದ ಬೆಳೆಯೂ ಹೋದಂತೆ.

1983-84ರ ಹೊತ್ತಿಗೆ ಇದನ್ನು ದೇಶದಿಂದಲೇ ತೊಲಗಿಸುವ ಕಾರ್ಯಕ್ರಮ ಶುರುವಾಯಿತು. ಬಾವಿಗೆ ಟೆಮಿಫಾಸ್ ಔಷಧಿ ಹಾಕುವುದು, ನೀರು ಸೋಸಲು ಬಟ್ಟೆ ಹಂಚುವುದು, ಮೆಟ್ಟಿಲ ಬಾವಿಗೆ ಕಟ್ಟೆ ಕಟ್ಟಿಸಿ ಗಡಗಡಿ ಹಾಕಿಸುವುದು. ಅವ್ವನ ಪಾಲಿಗೆ ಬಂದದ್ದು ಬಟ್ಟೆ ಹಂಚುವುದು ಮತ್ತು ಜನರನ್ನು ಒಪ್ಪಿಸುವುದು.

ಅವಳ ವ್ಯಾಪ್ತಿಯ ಹಳ್ಳಿಯೊಂದರಲ್ಲಿ ಬಾವಿಯ ಪಕ್ಕಕ್ಕೇ ಹೊಲವಿದ್ದ ಒಬ್ಬ ಹಿರಿಯರಿದ್ದರು. ನಾವು ಮನೆಯಲ್ಲಿ ಅವರನ್ನು ಬಾವಿಯಜ್ಜ ಎನ್ನುತ್ತಿದ್ದೆವು. ಗಂಟಲು ದೊಡ್ಡದು, ಸಿಟ್ಟು ಅದಕ್ಕಿಂತ ದೊಡ್ಡದು. ಬಾವಿಗೆ ಔಷಧಿ ಹಾಕಲು ಬಂದವರನ್ನು ಅವರು ಮೆಟ್ಟಿಲಿಗೆ ಅಡ್ಡ ನಿಂತು ತಡೆದರು. “ಕಿರಸ್ತಾನದಾಕಿ ನಮ್ಮ ನೀರಿಗೆ ಏನರ ಕಲಸಿ ಎಲ್ಲಾರನೂ ತನ್ನ ಕಡೆ ಮಾಡ್ಕೋತಾಳ” ಎಂದು ಕಟ್ಟೆಯ ಮೇಲೆ ಕೂತು ಊರಿಗೆಲ್ಲ ಕೇಳುವಂತೆ ಹೇಳಿದರು. ಹಡಗಲಿಗೆ ಒಂದು ಅರ್ಜಿಯೂ ಹೋಯಿತು. ಅವ್ವನನ್ನು ಕರೆಸಿ ವಿಚಾರಿಸಿದರು. ಅವಳು ಸೋಸುವ ಬಟ್ಟೆಯನ್ನು ಮೇಜಿನ ಮೇಲಿಟ್ಟು, “ಇದರಾಗ ಏನರ ಧರ್ಮ ಕಾಣಸ್ತೈತೇನ್ರಿ ಸಾಹೇಬ್ರ?” ಎಂದು ಕೇಳಿ ಬಂದಳಂತೆ. ಮನೆಗೆ ಬಂದು ಮಾತ್ರ ಅತ್ತಳು. ಅಪ್ಪ ಚಹಾ ಮಾಡಿ ಕೊಟ್ಟ.

ಮುಂದಿನ ಬೇಸಿಗೆಗೆ ಬಾವಿಯಜ್ಜನ ಹಿಮ್ಮಡಿಯ ಮೇಲೆಯೇ ಹುಳ ಹೊರಬಿತ್ತು.

ಅವರು ದವಾಖಾನೆಗೆ ಬರಲಿಲ್ಲ. ಬಂದರೆ ಮರ್ಯಾದೆ ಹೋಗುತ್ತಿತ್ತು. ಅವ್ವ ಮೊಮ್ಮಗನ ತೂಕ ನೋಡುವ ನೆಪ ಮಾಡಿಕೊಂಡು ಅವರ ಮನೆಗೆ ಹೋದಳು. ಆ ವಾರ ಶಾಲೆಗೆ ರಜೆಯಿದ್ದುದರಿಂದ ನಾನೂ ಹಿಂದೆ ಹೋಗಿದ್ದೆ. ಅಜ್ಜ ಪಡಸಾಲೆಯಲ್ಲಿ ಕಂಬಳಿಯ ಮೇಲೆ ಕಾಲು ಚಾಚಿ ಕೂತಿದ್ದರು. ಕಾಲಿಗೆ ಯಾವುದೋ ಸೊಪ್ಪು ಅರೆದು ಕಟ್ಟಿದ್ದರು. ಅವ್ವ ಮಗುವಿನ ತೂಕ ಹಿಡಿದು, ಸೊಸೆಯ ಹತ್ತಿರ ಬಿಸಿನೀರು ಕೇಳಿ, ಒಂದು ಮಾತೂ ಆಡದೆ ಅಜ್ಜನ ಕಾಲ ಬುಡಕ್ಕೆ ಕೂತಳು. ಅಜ್ಜ ಬೈಯುತ್ತಲೇ ಇದ್ದರು. ಬೈಗುಳದ ನಡುವೆ ಕಾಲನ್ನು ಮಾತ್ರ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಅವ್ವ ತೊಳೆದಳು, ಹುಳದ ತುದಿಯನ್ನು ಕಡ್ಡಿಗೆ ಸುತ್ತಿದಳು, ಪಟ್ಟಿ ಕಟ್ಟಿದಳು, ನಾಳೆ ಬರುತ್ತೇನೆಂದು ಎದ್ದಳು. ಹುಳ ಪೂರ್ತಿ ಬರುವವರೆಗೆ ದಿನಾ ಹೋದಳು. ಬಾವಿಯ ಮಾತಾಗಲಿ ಅರ್ಜಿಯ ಮಾತಾಗಲಿ ಅವಳ ಬಾಯಲ್ಲಿ ಬರಲಿಲ್ಲ.

ಪಕ್ಕದ ಮನೆಯವರಿಗೆ ಇದು ಸಮಾಧಾನವಾಗಲಿಲ್ಲ. “ಯಾಕ್ರಿ ಬಾಯಾರ, ಆ ಮುದಕಗ ಬಾವಿ ಸುದ್ದಿ ನೆನಪ ಮಾಡಿ ಕೊಡಬೇಕಿತ್ತು. ಈಗಲ್ಲದ ಇನ್ಯಾವಾಗ?” ಎಂದು ಒಬ್ಬಾಕೆ ಕೇಳಿದಳು. ಅವ್ವ, “ಅವರಿಗೆ ಹುಣ್ಣಾಗಿದ್ದು ಕಾಲಿಗವ್ವ, ಕಿವಿಗಲ್ಲ” ಎಂದಳು.

ಕಥೆಯಲ್ಲಾದರೆ ಅಜ್ಜ ಕಣ್ಣೀರು ಹಾಕಿ ಕೈ ಮುಗಿಯಬೇಕಿತ್ತು. ಹಾಗೇನೂ ಆಗಲಿಲ್ಲ. ಕಾಲು ವಾಸಿಯಾದ ಮೇಲೂ ಅವರು ಔಷಧಿ ಹಾಕುವವರನ್ನು ಬೈದರು. ಬಾವಿಗೆ ಕಟ್ಟೆ ಕಟ್ಟಿ ಗಡಗಡಿ ಹಾಕಿದಾಗ ಹಗ್ಗ ಎಳೆದು ರಟ್ಟೆ ನೋಯುತ್ತದೆಂದು ಸರ್ಕಾರವನ್ನು ಬೈದರು. ಅವ್ವನಿಗೆ ಒಂದು ಒಳ್ಳೆಯ ಮಾತು ಅವರಿಂದ ಬರಲೇ ಇಲ್ಲ. ಆದರೆ ಅವರ ಸೊಸೆ ನೀರು ಸೋಸಲು ಶುರು ಮಾಡಿದಳು. ಅವಳನ್ನು ನೋಡಿ ಆ ಓಣಿಯ ಹೆಂಗಸರೂ ಬಿಂದಿಗೆಯ ಬಾಯಿಗೆ ಬಟ್ಟೆ ಕಟ್ಟಿದರು. ದೇಶದಲ್ಲಿ ಕೊನೆಯ ನಾರುಹುಣ್ಣಿನ ರೋಗಿ 1996ರಲ್ಲಿ ರಾಜಸ್ಥಾನದಲ್ಲಿ ಕಂಡದ್ದು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣು ಮುಕ್ತ ದೇಶವೆಂದು ಸಾರಿತು. ಆ ಸುದ್ದಿ ಪೇಪರಿನಲ್ಲಿ ಬಂದ ದಿನ ಅವ್ವ ಅದನ್ನು ಎರಡು ಸಲ ಓದಿಸಿ ಕೇಳಿದಳು. ಬಾವಿಯಜ್ಜ ಅಷ್ಟರಲ್ಲಿ ತೀರಿಕೊಂಡಿದ್ದರು.

ಆ ಸೊಸೆಯೇ ಒಂದು ದಿನ ಅವ್ವನನ್ನು ಕೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಮಗುವಿಗೆ ಸೂಜಿ ಹಾಕಿಸಲು ನಮ್ಮ ಕ್ವಾರ್ಟರ್ಸಿಗೆ ಬಂದಿದ್ದಳು.

“ಬಾಯಾರ, ನಮ್ಮ ಮಾವ ಅಷ್ಟ ಬೈದ್ರೂ ನಿಮಗ ಸಿಟ್ಟ ಬರೂದಿಲ್ಲೇನ್ರಿ?”

“ಬರತೈತವ್ವ. ಯಾಕ ಬರೂದಿಲ್ಲ?”

“ಮತ್ತ ಅದನ್ನ ಏನ್ ಮಾಡ್ತೀರಿ?”

“ರಾತ್ರಿ ಮಲಗೂ ಮುಂದ ಒಬ್ಬರ ಮುಂದ ಹೇಳಿ, ಅವರಿಗೆ ಒಪ್ಪಿಸಿ ಮಲಗತೀನಿ.”

“ಯಾರಿಗ್ರಿ?”

“ನಮ್ಮ ಯೇಸುಸ್ವಾಮಿಗೆ. ತನಗ ಮೊಳಿ ಬಡದವರನ್ನೂ ಆತ ಬೈಲಿಲ್ಲ, ಅವರ ಸಲುವಾಗಿ ಬೇಡ್ಕೊಂಡ. ಆತನ ಮುಂದ ನನ್ನ ಸಿಟ್ಟು ಭಾಳ ಹೊತ್ತು ನಿಂದ್ರೂದಿಲ್ಲ.”

ಆಕೆ ಸ್ವಲ್ಪ ಹೊತ್ತು ಯೋಚನೆ ಮಾಡಿ, “ಹಂಗಾರ ನಾನು ನಮ್ಮ ಮೈಲಾರಲಿಂಗಗ ಒಪ್ಪಿಸ್ತೀನಿ ಬಿಡ್ರಿ” ಎಂದಳು.

ಅವ್ವ ನಕ್ಕು, “ಒಪ್ಪಿಸವ್ವ. ಮದಲ ಒಪ್ಪಿಸೂದ ಕಲಿ” ಎಂದಳು.

ಅವ್ವ ತನ್ನ ನಂಬಿಕೆಯನ್ನು ಬೇರೆಯವರ ಮುಂದೆ ಬಾಯಿ ಬಿಟ್ಟು ಹೇಳಿದ್ದನ್ನು ನಾನು ಕೇಳಿದ್ದು ಇಂಥ ಹೊತ್ತಿನಲ್ಲಿ ಮಾತ್ರ. ಯಾರಾದರೂ ಕೇಳಿದಾಗ, ಕೇಳಿದಷ್ಟಕ್ಕೆ. ಬೆಟಗೇರಿಗೆ ಹೋದಾಗ ಸಭೆಯ ಹಿರಿಯರು, “ಏನವಾ, ಆ ಕಡೆ ಎಷ್ಟು ಮಂದಿಗೆ ಸುವಾರ್ತೆ ಸಾರಿದಿ?” ಎಂದು ಕೇಳುವರು. “ಕೇಳಿದವರಿಗೆ ಹೇಳೀನ್ರಿ” ಎನ್ನುವಳು. ಎಷ್ಟು ಮಂದಿ ಬಂದರು ಎಂಬ ಮುಂದಿನ ಪ್ರಶ್ನೆಗೆ ಅವಳ ಹತ್ತಿರ ಉತ್ತರವಿರಲಿಲ್ಲ. ಅವಳು ಇಟ್ಟಿಗಿಯಲ್ಲಿ ಇದ್ದಷ್ಟು ಕಾಲವೂ ಅವಳಿಂದಾಗಿ ಯಾರೂ ಕ್ರೈಸ್ತರಾಗಲಿಲ್ಲ.

ಅವ್ವನ ತಾಳ್ಮೆ ಎಲ್ಲಿಯವರೆಗೆ ಎಂಬುದನ್ನೂ ಹೇಳಬೇಕು. ಇಲ್ಲವಾದರೆ ಅವಳು ಎಲ್ಲವನ್ನೂ ನುಂಗಿಕೊಂಡು ಕೂಡುವ ಹೆಂಗಸೆಂದು ಓದುವವರು ತಿಳಿದಾರು. 108 ಆಂಬುಲೆನ್ಸು ಬರುವುದಕ್ಕೆ ಬಹಳ ಹಿಂದಿನ ಮಾತು. ಕೇರಿಯ ಒಬ್ಬ ಹೆಣ್ಣುಮಗಳ ಚೊಚ್ಚಲ ಹೆರಿಗೆ ಅಡ್ಡವಾಯಿತು. ಸೂಲಗಿತ್ತಿ ಕೈ ಚೆಲ್ಲಿದ್ದಳು. ಹಡಗಲಿಗೆ ಒಯ್ಯದೆ ಬೇರೆ ದಾರಿ ಇರಲಿಲ್ಲ. ರಾತ್ರಿ ಬಸ್ಸಿಲ್ಲ. ಹತ್ತಿರದಲ್ಲಿ ಜೀಪಿದ್ದದ್ದು ಒಬ್ಬ ಉಳ್ಳವರ ಮನೆಯಲ್ಲಿ. ಡ್ರೈವರ್ ಇಲ್ಲ, ಡೀಸೆಲ್ ಇಲ್ಲ ಎಂದು ಒಳಗಿನಿಂದಲೇ ಮಾತು ಬಂತು. ಡ್ರೈವರ್ ಅಂಗಳದಲ್ಲೇ ಮಲಗಿದ್ದ. ಯಾರಿಗೆ ಬೇಕಾಗಿದೆ ಎಂದು ತಿಳಿದ ಮೇಲೆ ಬಂದ ಉತ್ತರ ಅದು ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಅವ್ವ ಆ ಮನೆಯ ಬಾಗಿಲಿಗೆ ಹೋಗಿ ನಿಂತಳು. ಎಂದೂ ಏರದ ಅವಳ ದನಿ ಅವತ್ತು ಅಗಸಿಯವರೆಗೆ ಕೇಳಿಸಿತು. “ನಿಮ್ಮ ತಾಯಿಗೆ ಸೂಜಿ ಮಾಡಾಕ ನಾನು ಅಪರಾತ್ರಿ ಬಂದೀನಿ. ಯಾರ ಮನಿ ಅಂತ ಕೇಳಿ ಬಂದಿಲ್ಲ. ಈ ಹುಡುಗಿ ಸತ್ರ ನಾಳೆ ಪೊಲೀಸರ ಮುಂದ ನಿಮ್ಮ ಹೆಸರ ಬರಸ್ತೀನಿ, ತಿಳಕೋರಿ.” ಓಣಿಯ ಬಾಗಿಲುಗಳು ಒಂದೊಂದಾಗಿ ತೆರೆದವು. ನಾಚಿಕೆಗೋ ಹೆದರಿಕೆಗೋ ಜೀಪು ಹೊರಬಂತು. ಹಡಗಲಿಯಲ್ಲಿ ತಾಯಿ ಉಳಿದಳು, ಮಗು ಉಳಿಯಲಿಲ್ಲ.

ಆ ಮನೆಯವರು ಬಹಳ ಕಾಲ ಅವ್ವನ ಜೊತೆ ಮಾತು ಬಿಟ್ಟರು. ಆದರೆ ಅವರ ತಾಯಿಗೆ ಸೂಜಿ ಬೇಕಾದಾಗ ಅವ್ವ ಮೊದಲಿನಂತೆಯೇ ಹೋಗುತ್ತಿದ್ದಳು. ನನಗೆ ಇದು ಅರ್ಥವಾಗುತ್ತಿರಲಿಲ್ಲ. ಬಾವಿಯಜ್ಜ ಅಷ್ಟು ಬೈದಾಗ ಸುಮ್ಮನಿದ್ದವಳು ಇಲ್ಲೇಕೆ ಪೊಲೀಸರ ಹೆಸರೆತ್ತಿದಳು, ಎತ್ತಿದ ಮೇಲೆ ಅದೇ ಮನೆಗೆ ಮತ್ತೇಕೆ ಹೋಗುತ್ತಾಳೆ? ಕೇಳಿದ್ದಕ್ಕೆ ಅವಳು ಹೇಳಿದ್ದು: “ನನಗ ಬೈದದ್ದು ನನ್ನ ಲೆಕ್ಕ, ಅದನ್ನ ಬಿಡೂ ಹಕ್ಕು ನನಗೈತಿ. ಆ ಹುಡುಗಿಗೆ ಮಾಡಿದ್ದನ್ನ ಬಿಟ್ಟೀನಿ ಅನ್ನಾಕ ನಾನ್ಯಾರು?”

ಕ್ಷಮೆಯ ಬಗ್ಗೆ ಆಮೇಲೆ ಎಷ್ಟೋ ಪ್ರಸಂಗ ಕೇಳಿದ್ದೇನೆ. ಇಷ್ಟು ಸ್ಪಷ್ಟವಾಗಿ ಯಾರೂ ಗೆರೆ ಎಳೆದು ತೋರಿಸಲಿಲ್ಲ. ತನಗಾದ ಅವಮಾನವನ್ನು ಬಿಟ್ಟುಕೊಡುವುದು ದಯೆ. ಮತ್ತೊಬ್ಬರಿಗಾದ ಅನ್ಯಾಯವನ್ನು ಅವರ ಪರವಾಗಿ ಬಿಟ್ಟುಕೊಡುವುದು ದಯೆಯಲ್ಲ, ಹೇಡಿತನ. ಎಷ್ಟೋ ದೈವಭಕ್ತರು ಇದನ್ನು ತಿರುಗುಮುರುಗು ಮಾಡಿಕೊಂಡಿರುವುದನ್ನು ನೋಡಿದ್ದೇನೆ. ತಮಗೆ ಯಾರಾದರೂ ಒಂದು ಮಾತು ಅಂದರೆ ವರ್ಷಗಟ್ಟಲೆ ಮರೆಯುವುದಿಲ್ಲ. ಬಡವರಿಗೆ ಆದದ್ದನ್ನು ಮಾತ್ರ ದೇವರಿಗೆ ಬಿಡಿ ಎನ್ನುತ್ತಾರೆ.

ಹೊರಗಿನವರ ಸಿಟ್ಟು ಅವ್ವನಿಗೆ ಅಷ್ಟು ಕಷ್ಟವಾಗಲಿಲ್ಲ. ಕಷ್ಟವಾದದ್ದು ಮನೆಯ ಒಳಗಿನದು. ಅಪ್ಪನ ಅಕ್ಕ, ನಮ್ಮ ಸೋದರತ್ತಿ, ಸಣ್ಣ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ನಮ್ಮ ಜೊತೆಗೇ ಇದ್ದಳು. ಬೈಬಲ್ಲು ಅವಳ ಕೈ ಬಿಟ್ಟು ಇಳಿಯುತ್ತಿರಲಿಲ್ಲ. ಸಂಜೆಯ ಪ್ರಾರ್ಥನೆ ಅವಳದೇ. ಆ ಪ್ರಾರ್ಥನೆಯಲ್ಲಿ ಅವಳು ಮನೆಯವರ ತಪ್ಪುಗಳನ್ನೆಲ್ಲ ಹೆಸರು ಹಿಡಿದು ದೇವರಿಗೆ ಒಪ್ಪಿಸುತ್ತಿದ್ದಳು. “ಕರ್ತನೇ, ನನ್ನ ತಮ್ಮನ ಹೆಂಡತಿಗೆ ಸಾರಿಗೆ ಉಪ್ಪು ನೋಡಿ ಹಾಕುವ ಬುದ್ಧಿ ಕೊಡು” ಎಂದು ಶುರುವಾದರೆ ನಾವು ಮಕ್ಕಳು ಕಣ್ಣು ಮುಚ್ಚಿಕೊಂಡೇ ನಗು ತಡೆಯಬೇಕಾಗುತ್ತಿತ್ತು. ದೇವರ ಹೆಸರಿನಲ್ಲಿ ಬಂದ ಚುಚ್ಚುಮಾತಿಗೆ ಎದುರು ಮಾತಾಡುವುದು ಹೇಗೆ? ಅವ್ವ ಪ್ರಾರ್ಥನೆ ಮುಗಿದ ಮೇಲೆ ಎಲ್ಲರಿಗಿಂತ ಗಟ್ಟಿಯಾಗಿ “ಆಮೆನ್” ಎನ್ನುತ್ತಿದ್ದಳು. ಒಮ್ಮೊಮ್ಮೆ ಆ ಆಮೆನ್ನಿನಲ್ಲೇ ಅವಳ ಸಿಟ್ಟೆಲ್ಲ ಕೇಳಿಸುತ್ತಿತ್ತು.

ಬಾವಿಯಜ್ಜನ ಕಾಲು ಹಿಡಿಯಲು ಎರಡನೆಯ ಯೋಚನೆ ಮಾಡದವಳು ಅತ್ತಿಯ ಹಾಸಿಗೆ ಮಡಚುವಾಗ ತುಟಿ ಕಚ್ಚಿಕೊಳ್ಳುತ್ತಿದ್ದಳು. ಹೊರಗಿನ ಮನುಷ್ಯ ಬೈದರೆ ಬಾಗಿಲು ಹಾಕಿಕೊಂಡು ಬರಬಹುದು, ಯೂನಿಫಾರ್ಮು ಕಳಚಿಟ್ಟರೆ ಅಂದಿನ ಜಗಳ ಅಲ್ಲಿಗೆ ಮುಗಿಯಿತು. ಒಳಗಿನವರ ಮಾತಿಗೆ ಕಳಚಿಡುವ ಯೂನಿಫಾರ್ಮಿಲ್ಲ. ಅತ್ತಿ ಕೊನೆಗಾಲದಲ್ಲಿ ಹಾಸಿಗೆ ಹಿಡಿದಾಗ ಅವ್ವ ರಜೆ ಹಾಕಿ ನೋಡಿಕೊಂಡಳು. ಪ್ರೀತಿಯಿಂದ ಎಂದರೆ ಸುಳ್ಳಾದೀತು. “ಮನಸು ಬರೂತನಕ ಕಾದ್ರ ಆಕಿ ಮೈಯಾಗ ಹುಣ್ಣ ಬೀಳತಾವ. ಮದಲ ಕೈಲೆ ಮಾಡೋಣು, ಮನಸು ಬೇಕಾದ್ರ ಹಿಂದಿಂದ ಬರಲಿ” ಎನ್ನುತ್ತಿದ್ದಳು. ಮನಸ್ಸು ಬಂತೋ ಇಲ್ಲವೋ ಅವಳು ಹೇಳಲಿಲ್ಲ. ಅತ್ತಿಯ ಮೈಯಲ್ಲಿ ಹುಣ್ಣು ಬೀಳಲಿಲ್ಲ ಎಂಬುದಷ್ಟನ್ನು ನಾನು ಬಲ್ಲೆ.

1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಮಿಷನರಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಗಂಡುಮಕ್ಕಳನ್ನು ಜೀಪಿನಲ್ಲೇ ಸುಟ್ಟು ಕೊಂದರು. ಒಬ್ಬ ಹುಡುಗನಿಗೆ ಹತ್ತು ವರ್ಷ, ಇನ್ನೊಬ್ಬನಿಗೆ ಆರು. ಅವರ ಹೆಂಡತಿ ಗ್ಲಾಡಿಸ್, ಕೊಂದವರನ್ನು ಕ್ಷಮಿಸಿದ್ದೇನೆ ಎಂದರು. ಊರು ಬಿಟ್ಟು ಹೋಗದೆ ಬಾರಿಪದದ ಕುಷ್ಠರೋಗಿಗಳ ಆಶ್ರಮದ ಕೆಲಸವನ್ನು ಇನ್ನೂ ಕೆಲವು ವರ್ಷ ನಡೆಸಿದರು. 2005ರಲ್ಲಿ ಸರ್ಕಾರ ಅವರಿಗೆ ಪದ್ಮಶ್ರೀ ಕೊಟ್ಟಿತು. ರೇಡಿಯೋದಲ್ಲಿ ಅವರು ಕ್ಷಮಿಸಿದ ಸುದ್ದಿ ಬಂದಾಗ ನಾವೆಲ್ಲ ಅವ್ವನ ಮುಖ ನೋಡಿದೆವು. ಅವಳು, “ಆಕಿ ಭಾಳ ದೊಡ್ಡಾಕಿ. ನನಗಂತೂ ಆಗತಿರಲಿಲ್ಲ. ನಮಗ ದೇವರು ಕೊಟ್ಟಿದ್ದು ದಿನದಿನದ ಸಣ್ಣ ಸಿಟ್ಟು. ಅದನ್ನರ ಸರಿಯಾಗಿ ಬಿಡೂದ ಕಲಿಬೇಕು” ಎಂದಳು. ಜಗತ್ತಿಗೆ ತಿಳಿಯುವಂಥ ಕ್ಷಮೆಯ ಪ್ರಸಂಗ ಬಹಳ ಮಂದಿಯ ಬಾಳಿನಲ್ಲಿ ಬರುವುದೇ ಇಲ್ಲ. ಬರುವುದು ಸೀಟಿಗಾಗಿ ಜಗಳ ಕಾಯುವ ಸಹಪ್ರಯಾಣಿಕ, ಗೋಡೆ ಒತ್ತಿ ಕಟ್ಟುವ ನೆರೆಯವ, ಊಟಕ್ಕೆ ಕೂತಾಗ ಕೊಂಕು ತೆಗೆಯುವ ಬಳಗದವರು.

ನಮ್ಮವರ ದಯೆಯ ಬಗ್ಗೆ ಊರಿನವರಿಗೆ ಇದ್ದ ಅನುಮಾನ ಬರೀ ಬಾವಿಯಜ್ಜನ ತಲೆಯಲ್ಲಿ ಹುಟ್ಟಿದ್ದಲ್ಲ. ಅದಕ್ಕೆ ಹಳೆಯ ಬೇರಿದೆ. 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು ಬೈಬಲ್ಲನ್ನು ಕನ್ನಡಕ್ಕೆ ತಂದವರು. ಶಾಲೆ ಬಂತು, ಅಚ್ಚಿನ ಕೆಲಸ ಬಂತು. 1876-78ರ ಧಾತು-ಈಶ್ವರ ಸಂವತ್ಸರದ ಬರದಲ್ಲಿ ಮದ್ರಾಸ್ ಪ್ರಾಂತ್ಯದಲ್ಲೇ ಹೆಚ್ಚು ನರಳಿದ ಜಿಲ್ಲೆಗಳಲ್ಲಿ ಬಳ್ಳಾರಿ ಒಂದು. ದಕ್ಷಿಣ ದೇಶದ ಎಷ್ಟೋ ಕಡೆ ಮಿಷನ್ನಿನವರು ಅಂಬಲಿ ಹಾಕಿದರು, ಅನಾಥ ಮಕ್ಕಳನ್ನು ಸಾಕಿದರು. ಅವರಲ್ಲಿ ಹಸಿದವರ ನೋವಿಗೆ ಮರುಗಿದವರಿದ್ದರು, ಸಭೆಯ ಲೆಕ್ಕದ ಪುಸ್ತಕ ತುಂಬಿಸಲು ನೋಡಿದವರೂ ಇದ್ದರು. ಅನ್ನಕ್ಕೆ ಜಾತಿ ಬಿಟ್ಟವರು ಎಂಬ ಮಾತು ಆಗ ಹುಟ್ಟಿದ್ದು ಇನ್ನೂ ಸತ್ತಿಲ್ಲ. ಆ ಮಾತು ಅನ್ನವಿಲ್ಲದವರನ್ನು ಹಂಗಿಸುತ್ತದೆ, ಅನ್ನ ಕೊಡದೆ ಇದ್ದವರನ್ನು ಏನೂ ಕೇಳುವುದಿಲ್ಲ ಎಂಬುದು ಬೇರೆ ಮಾತು. ಆದರೂ ಕೊಟ್ಟ ಕೈ ಲೆಕ್ಕ ಬರೆದುಕೊಂಡಿದ್ದರೆ ಜನ ಅದನ್ನು ಮರೆಯುವುದಿಲ್ಲ. 2022ರಲ್ಲಿ ನಮ್ಮ ರಾಜ್ಯದಲ್ಲಿ ಮತಾಂತರದ ಬಗ್ಗೆ ಕಾಯ್ದೆ ಬಂದಾಗ ಅದರಲ್ಲಿ ಉಡುಗೊರೆ, ಹಣ, ಉದ್ಯೋಗ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ ಎಲ್ಲವೂ ಆಮಿಷದ ಪಟ್ಟಿಗೆ ಸೇರಿದ್ದವು. 2023ರಲ್ಲಿ ಹೊಸ ಸರ್ಕಾರದ ಸಚಿವ ಸಂಪುಟ ಅದನ್ನು ರದ್ದು ಮಾಡಲು ತೀರ್ಮಾನಿಸಿತು. ಕಾಯ್ದೆ ಇರಲಿ ಬಿಡಲಿ, ಆ ಅನುಮಾನಕ್ಕೆ ಉತ್ತರ ಕೊಡಬೇಕಾದವರು ನಾವೇ. ಉತ್ತರ ಬಾಯಲ್ಲಿ ಕೊಡುವಂಥದ್ದಲ್ಲ.

ಇದನ್ನು ನಮಗಿಂತ ಮೊದಲೇ ಕಂಡ ಒಬ್ಬರು ನಮ್ಮದೇ ತಾಲ್ಲೂಕಿನ ಊರೊಂದರ ಹೆಸರು ಹೊತ್ತಿದ್ದರು ಎಂಬುದು ನನಗೆ ಯಾವಾಗಲೂ ಹೆಮ್ಮೆ. ಉತ್ತಂಗಿ ಹಡಗಲಿ ತಾಲ್ಲೂಕಿನ ಹಳ್ಳಿ. ಆ ಊರಿನ ಮನೆತನದ ಉತ್ತಂಗಿ ಚೆನ್ನಪ್ಪನವರು 1881ರಲ್ಲಿ ಧಾರವಾಡದಲ್ಲಿ ಹುಟ್ಟಿದರು, ಬಾಸೆಲ್ ಮಿಷನ್ನಿನ ಸಭೆಯಲ್ಲಿ ಪಾದ್ರಿಯಾದರು. ಆ ಪಾದ್ರಿ ಹಳ್ಳಿಹಳ್ಳಿ ತಿರುಗಿ, ಜನರ ಬಾಯಲ್ಲಿದ್ದ ಸರ್ವಜ್ಞನನ್ನು ಕೂಡಿಸಿ 1924ರಲ್ಲಿ ಗ್ರಂಥವಾಗಿ ಕೊಟ್ಟರು. ಅನುಭವಮಂಟಪ ನಿಜವಾಗಿ ಇತ್ತೇ ಎಂದು ಸಂಶಯ ಎದ್ದಾಗ ಇತ್ತು ಎಂದು ವಾದಿಸಿ ಪುಸ್ತಕ ಬರೆದರು. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. 1962ರಲ್ಲಿ ತೀರಿಕೊಳ್ಳುವವರೆಗೂ ಅವರು ಕ್ರೈಸ್ತರಾಗಿಯೇ ಇದ್ದರು. ಯೇಸುವಿನ ಮಾತು ಈ ನೆಲದ ಮಾತಿನ ಜೊತೆ ಕೂತು ಉಣ್ಣಬೇಕು, ಅದನ್ನು ಎಬ್ಬಿಸಿ ತಾನು ಕೂಡಬಾರದು ಎಂಬಂತೆ ನಡೆದವರು. ಅಪ್ಪ ಅವರ ಸರ್ವಜ್ಞನ ಪುಸ್ತಕವನ್ನು ಬೈಬಲ್ಲಿನ ಪಕ್ಕದಲ್ಲೇ ಇಟ್ಟಿದ್ದ. ಚೆನ್ನಪ್ಪನವರ ಹೆಸರನ್ನು ಅವ್ವ ಕೇಳಿದ್ದಳು, ಪುಸ್ತಕ ಓದಿದವಳಲ್ಲ. ಆದರೆ ಅವರು ಬರಹದಲ್ಲಿ ಮಾಡಿದ್ದನ್ನು ಅವಳು ಓಣಿಯಲ್ಲಿ ಮಾಡುತ್ತಿದ್ದಳು ಎಂದೇ ನನಗೆ ತೋರುತ್ತದೆ. ಮೈಲಾರ ಜಾತ್ರೆಯ ಡ್ಯೂಟಿ ಬಂದರೆ ಬೇರೆ ಸಿಬ್ಬಂದಿ ತಪ್ಪಿಸಿಕೊಳ್ಳಲು ನೋಡುತ್ತಿದ್ದರು. ಅವ್ವ ಬ್ಲೀಚಿಂಗ್ ಪೌಡರಿನ ಡಬ್ಬಿ ಹಿಡಿದು ಮೊದಲೇ ತಯಾರಾಗುತ್ತಿದ್ದಳು. ವಾಂತಿಭೇದಿಗೆ ದೇವರ ಭೇದವಿಲ್ಲ ಎನ್ನುವಳು.

ಕ್ರಿಸ್‌ಮಸ್ಸಿಗೆ ಅವ್ವ ಕರ್ಜಿಕಾಯಿ, ಚಕ್ಕುಲಿ, ಶೇಂಗಾ ಉಂಡಿ ಮಾಡಿ ಓಣಿಗೆಲ್ಲ ಬೀರುತ್ತಿದ್ದಳು. ಕೆಲವರು ಒಳಗೆ ಕರೆದು ತೆಗೆದುಕೊಳ್ಳುತ್ತಿದ್ದರು. ಕೆಲವರು ತೆಗೆದುಕೊಂಡು ಎಮ್ಮೆಗೆ ಹಾಕುತ್ತಿದ್ದರು. ಅದು ನಮಗೆ ಗೊತ್ತಿದೆ ಎಂಬುದು ಅವರಿಗೂ ಗೊತ್ತಿತ್ತು. ನನಗೆ ಸಿಟ್ಟು ಬಂದು, ಆ ಮನೆಗೆ ಮುಂದಿನ ವರ್ಷ ಕೊಡಬೇಡ ಎಂದರೆ, “ಎಮ್ಮಿ ಹಾಲು ನಮ್ಮನಿಗೇ ಬರತೈತಲ್ಲ” ಎಂದು ನಗುತ್ತಿದ್ದಳು. ಯುಗಾದಿಗೆ ಅದೇ ಮನೆಯಿಂದ ಹೋಳಿಗೆ ಬಂದರೆ ನಾವು ಉಣ್ಣುತ್ತಿದ್ದೆವು. ಅವರು ಕಡೆಯವರೆಗೂ ನಮ್ಮ ಕರ್ಜಿಕಾಯಿ ತಿಂದಂತೆ ಕಾಣಲಿಲ್ಲ.

ನಾನು ಈಗ ಹರಪನಹಳ್ಳಿ ಕಡೆ ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ಗುಳೆ ಹೋಗುವವರ ಮಕ್ಕಳು ನಮ್ಮಲ್ಲಿ ಬಹಳ. ತಂದೆತಾಯಿ ಬೆಂಗಳೂರಿಗೋ ಕಾಫಿ ಸೀಮೆಗೋ ಹೋಗಿ ಅಜ್ಜಿಯ ಹತ್ತಿರ ಬಿಟ್ಟ ಹುಡುಗರು ಒರಟು ಮಾತಾಡುತ್ತಾರೆ, ಬೆಂಚು ಮುರಿಯುತ್ತಾರೆ, ಹೆಸರು ಕರೆದರೆ ಗುರಾಯಿಸುತ್ತಾರೆ. ಅವರನ್ನು ಪ್ರೀತಿಯಿಂದ ಗೆದ್ದೆ ಎಂದು ಬರೆಯುವ ಧೈರ್ಯ ನನಗಿಲ್ಲ. ಗೆಲ್ಲುವ ಮಾತೇ ತಪ್ಪು ಎಂಬುದು ಅವ್ವನಿಂದ ಕಲಿತದ್ದು. ಬೆಂಚು ಮುರಿದರೆ ರಿಪೇರಿ ಮಾಡಿಸುವುದಕ್ಕೆ ಅವನನ್ನೇ ಜೊತೆಗೆ ನಿಲ್ಲಿಸಿಕೊಳ್ಳುತ್ತೇನೆ. ಸಣ್ಣ ಹುಡುಗನಿಗ್ಯಾರಾದರೂ ಹೊಡೆದರೆ ಬಿಡುವುದಿಲ್ಲ. ನನಗೆ ಅಂದದ್ದನ್ನು ಸಂಜೆ ಬಸ್ಸು ಹತ್ತುವ ಮೊದಲು ಬಿಡಲು ನೋಡುತ್ತೇನೆ. ಕೆಲವು ಸಲ ಮನೆಯವರೆಗೂ ಬರುತ್ತದೆ.

ಇನ್ನೊಂದು ಮಾತು ಹೇಳಲೇಬೇಕು. ನಿವೃತ್ತಿಯಾಗಿ ಬೆಟಗೇರಿಯಲ್ಲಿ ನನ್ನ ತಮ್ಮನ ಮನೆಯಲ್ಲಿರುವ ಅವ್ವ ಈಗ ಎಪ್ಪತ್ತು ದಾಟಿದ್ದಾಳೆ. ಮಂಡಿ ನೋವು, ನಿದ್ದೆ ಕಡಿಮೆ. ಈಗ ನಮ್ಮ ಮನೆಯ ಸಿಡುಕಿನ ಮನುಷ್ಯಳು ಅವಳೇ. ರೊಟ್ಟಿ ದಪ್ಪವಾದರೆ ಸೊಸೆಯನ್ನು ಬೈಯುತ್ತಾಳೆ, ಫೋನು ತಡವಾದರೆ ನನ್ನನ್ನು ಬೈಯುತ್ತಾಳೆ, ಸಭೆಯಲ್ಲಿ ಹಾಡು ತಪ್ಪಿದರೆ ಪಾದ್ರಿಯನ್ನೇ ಬೈಯುತ್ತಾಳೆ. “ಅವ್ವ, ಸಿಟ್ಟನ್ನ ರಾತ್ರಿ ಒಪ್ಪಿಸಿ ಮಲಗತಿದ್ದಿಯಲ್ಲ, ಈಗೇನಾತು?” ಎಂದು ತಮ್ಮ ಕೇಳಿದರೆ, “ಈಗ ನಿದ್ದಿ ಬರೂದಿಲ್ಲಪ್ಪ, ಅದಕ್ಕ ಒಪ್ಪಿಸೂದೂ ಆಗೂದಿಲ್ಲ” ಎನ್ನುತ್ತಾಳೆ. ನಮ್ಮ ತಮ್ಮನ ಹೆಂಡತಿ ದಿನಾ ಅವಳ ಮಂಡಿಗೆ ಎಣ್ಣೆ ತಿಕ್ಕುತ್ತಾಳೆ. ಬೈಗುಳ ಕೇಳುತ್ತಲೇ ತಿಕ್ಕುತ್ತಾಳೆ. ಸಿಡುಕಿನ ಮನುಷ್ಯರೆಂಬ ಬೇರೆ ಜಾತಿ ಎಲ್ಲಿಯೂ ಇಲ್ಲ. ನೋವು, ವಯಸ್ಸು, ಅಂಜಿಕೆ ಬಂದರೆ ಯಾರಾದರೂ ಹಾಗಾಗಬಹುದು ಎಂಬುದು ನನಗೆ ಈಗ ಕಾಣುತ್ತಿದೆ. ಬಾವಿಯಜ್ಜನಿಗೂ ತನ್ನ ಬಾವಿ ಕೈತಪ್ಪುವ ಅಂಜಿಕೆ ಇದ್ದಿರಬೇಕು.

ನನ್ನ ಜೊತೆ ಶಿಲುಬೆಗೆ ಕೈ ಮುಗಿಯುವವರಿಗೆ ನಾನು ಹೇಳುವುದಿಷ್ಟೆ: ಯಾರಿಗಾದರೂ ಒಳ್ಳೆಯದು ಮಾಡಿದರೆ ಅದರ ಲೆಕ್ಕ ಬರೆಯಬೇಡಿ, ಸಭೆಯಲ್ಲಿ ಎದ್ದು ಸಾರಬೇಡಿ, ಅವರು ಬದಲಾಗಲೆಂದು ಕಾಯಬೇಡಿ. ಕೇಳಿದವರಿಗೆ ಮಾತ್ರ ನಿಮ್ಮ ದೇವರ ಹೆಸರು ಹೇಳಿ. ಅವರು ತಮ್ಮ ದೇವರ ಹೆಸರು ಹೇಳಿದರೆ ಸಂತೋಷಪಡಿ. ಬೇರೆ ದೇವರಿಗೆ ಕೈ ಮುಗಿಯುವವರಿಗೂ ಒಂದು ಮಾತು: ಕ್ರೈಸ್ತರೊಬ್ಬರು ನಿಮಗೆ ನೆರವಾದರೆ, ಇದಕ್ಕೆ ಬೆಲೆಯೇನು ಎಂದು ನೇರವಾಗಿ ಕೇಳಿ. ಬೆಲೆ ಹೇಳಿದರೆ ನೆರವನ್ನು ವಾಪಸ್ಸು ಕೊಡಿ. ಏನೂ ಇಲ್ಲ ಎಂದರೆ ಅವರ ಮಾತನ್ನು ನಂಬಿ.